ಹೊಟ್ಟೆ ತಣ್ಣಗಾಗುವ ಪುಸ್ತಕ ಕೇಳಿದ ಡೊಂಬಿವಲಿಯ ತಂಗಿಗೆ

ತಂಗಿ, ನಮ್ಮ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿ ಮುಗಿಸಿ ಈಗ ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು: ಅತ್ತೆಯವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ, ಆರು ವಾರ ಮನೆಯೇ ಗತಿ, ಟೀವಿಯ ಧಾರಾವಾಹಿಗಳು ಅವರಿಗೆ ಸಾಕಾಗಿವೆ. ನಿಮಗೂ ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ರೈಲಿನಲ್ಲಿ ಹೋಗಿ ಬರುವ ದಾರಿಯಲ್ಲಿ ಓದಲು ಏನಾದರೂ ಬೇಕು. ಹೊಸದಾಗಿರಬೇಕು, ಮನಸ್ಸು ಬೆಚ್ಚಗಾಗಬೇಕು, ಘಟನೆಗಳಿಗಿಂತ ಮನುಷ್ಯರು ಮುಖ್ಯವಾಗಿರಬೇಕು. ಅದಕ್ಕೆ ನಮ್ಮವರು ಎರಡೇ ದಿನದಲ್ಲಿ ನಲವತ್ತು ಹೆಸರು ಸುರಿದಿದ್ದಾರೆ. ನಲವತ್ತು ಹೆಸರು ಕೊಟ್ಟರೆ ಒಂದನ್ನೂ ಕೊಡದ ಹಾಗೆಯೇ. ನಾನು ಕೆಲವನ್ನಷ್ಟೇ ಹೇಳುತ್ತೇನೆ, ಯಾರಿಗೆ, ಎಲ್ಲಿ ಕುಳಿತು ಓದಲು ಎಂಬುದನ್ನೂ ಸೇರಿಸಿ.

ಅಂದ ಹಾಗೆ, ಮುಂಬೈಯ ಈ ಸೆಕೆಯಲ್ಲಿ ಬೆಚ್ಚಗಾಗುವ ಪುಸ್ತಕ ಯಾರಿಗೆ ಬೇಕು! ನನ್ನ ಅಮ್ಮ ಒಳ್ಳೆಯ ಕಥೆ ಕೇಳಿದರೆ ‘ಹೊಟ್ಟೆ ತಣ್ಣಗಾಯಿತು’ ಎನ್ನುತ್ತಿದ್ದಳು. ನೀವು ಕೇಳುತ್ತಿರುವುದು ಅದನ್ನೇ ಎಂದುಕೊಂಡಿದ್ದೇನೆ.

ಮೊದಲು ಬೇಡದವುಗಳನ್ನು ಬದಿಗಿಡುತ್ತೇನೆ. ಮೇಲೆ ಮೂವರು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಹೆಸರು ಹೇಳಿದ್ದಾರೆ, ಸಣ್ಣ ಪುಸ್ತಕ, ಒಂದೇ ಗುಕ್ಕಿಗೆ ಮುಗಿಯುತ್ತದೆ ಎಂಬ ಕಾರಣಕ್ಕೆ. ಮುಗಿಯುವುದೇನೋ ನಿಜ. ನಾನೂ ಹಾಗೆಯೇ ಎಣಿಸಿ ಜ್ವರ ಬಂದು ಮಲಗಿದ್ದ ನಾದಿನಿಯ ಕೈಗೆ ಅದನ್ನು ಕೊಟ್ಟು ಬಂದಿದ್ದೆ. ರಾತ್ರಿ ಹತ್ತೂವರೆಗೆ ಫೋನು: ‘ಭಾವ, ಅಡುಗೆಮನೆಯಲ್ಲಿ ಇರುವೆ ಕಂಡರೂ ಎದೆ ಝಲ್ಲೆನ್ನುತ್ತಿದೆ, ಎಂಥ ಪುಸ್ತಕ ಕೊಟ್ಟಿರಿ!’ ಓದಿದವರಿಗೆ ಆ ಇರುವೆಗಳು ಯಾವುವು ಎಂದು ಗೊತ್ತು. ಅದ್ಭುತವಾದ ಪುಸ್ತಕವೇ, ಆದರೆ ಕಾಯಿಲೆ ಬಿದ್ದು ಮಲಗಿದವರ ಪುಸ್ತಕವಲ್ಲ. ಪುಟ ಕಡಿಮೆ ಇದ್ದ ಮಾತ್ರಕ್ಕೆ ಭಾರ ಕಡಿಮೆ ಇರುವುದಿಲ್ಲ.

ಬಾನು ಮುಷ್ತಾಕ್ ಅವರ ಕಥೆಗಳದ್ದೂ ಅದೇ ಮಾತು. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿಯವರ ಅನುವಾದದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಂದಿನಿಂದ ಕನ್ನಡದ ಯಾವ ಪುಸ್ತಕ ಕೇಳಿದರೂ ಮೊದಲು ಬರುವ ಹೆಸರು ಅದು. ನಮಗೆಲ್ಲ ಹೆಮ್ಮೆ, ಓದಲೇಬೇಕು. ಆದರೆ ಆ ಹನ್ನೆರಡು ಕಥೆಗಳಲ್ಲಿ ಹಲವು ಕೊರಳು ಬಿಗಿಸುವಂಥವು. ಅತ್ತೆಯವರು ಕೋಲು ಬಿಟ್ಟು ನಡೆಯಲು ಶುರುಮಾಡಿದ ಮೇಲೆ ಕೊಡಿ. ಇನ್ನು ಮುಂಬೈ ಎಂದ ಕೂಡಲೇ ಯಶವಂತ ಚಿತ್ತಾಲರ ‘ಶಿಕಾರಿ’ ಎನ್ನುವವರು ನಮ್ಮಲ್ಲಿ ಇದ್ದೇ ಇದ್ದಾರೆ. ಕಂಪನಿಯೊಳಗಿನ ಸಂಚುಗಳ ಸುತ್ತ ಹೆಣೆದ 1979ರ ಆ ಕಾದಂಬರಿಯ ಮುಂದೆ ನಾನೂ ತಲೆಬಾಗುತ್ತೇನೆ. ಆದರೆ ಕಚೇರಿಗೆ ಹೋಗುವ ಲೋಕಲ್‌ನಲ್ಲಿ ಅದನ್ನು ಓದಿದರೆ ಮೇಲಧಿಕಾರಿಯ ಮುಖ ನೋಡುವುದೇ ಕಷ್ಟವಾದೀತು.

ಹಾಗಾದರೆ ಯಾವುದು ತಣ್ಣಗಾಗಿಸುತ್ತದೆ, ಯಾವುದು ಇಲ್ಲ ಎಂದು ಪುಸ್ತಕ ಕೊಳ್ಳುವ ಮೊದಲೇ ಹೇಗೆ ತಿಳಿಯಬೇಕು? ಬೆನ್ನುಡಿಯ ಮಾತುಗಳನ್ನು ನಂಬಬೇಡಿ, ಎಲ್ಲ ಪುಸ್ತಕಗಳ ಬೆನ್ನಮೇಲೂ ಅವೇ ಹತ್ತು ವಿಶೇಷಣಗಳಿರುತ್ತವೆ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಹಿ ತಾಳೆ ನೋಡಿದವನು, ನನ್ನದೊಂದು ಸಣ್ಣ ಪರೀಕ್ಷೆ ಇದೆ. ಮೊದಲ ಇಪ್ಪತ್ತು ಪುಟಗಳಲ್ಲಿ ಮುಖ್ಯ ಪಾತ್ರದ ಕೈಗೆ ಏನಾದರೂ ಕೆಲಸ ಇದೆಯೇ ನೋಡುತ್ತೇನೆ. ಗುಡಿಸುವುದು, ತೋಟಕ್ಕೆ ನೀರು ಬಿಡುವುದು, ಹಳೆಯ ಪುಸ್ತಕದ ಧೂಳು ಒರೆಸುವುದು, ಯಾವುದಾದರೂ ಸರಿ. ಪಾತ್ರ ಬರೀ ಕಿಟಕಿಯ ಬಳಿ ನಿಂತು ಯೋಚಿಸುತ್ತಿದ್ದರೆ ಪುಸ್ತಕವನ್ನು ವಾಪಸು ಇಟ್ಟುಬಿಡುತ್ತೇನೆ. ದುಃಖ ಇರಬಾರದೆಂದಲ್ಲ. ದುಃಖವಿಲ್ಲದ ಪುಸ್ತಕ ಉಪ್ಪಿಲ್ಲದ ಗಂಜಿ. ಆದರೆ ದುಃಖದಲ್ಲಿರುವವರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ ಎಂದು ಬರೆದವರಿಗೆ ಗೊತ್ತಿರಬೇಕು. ಅದು ಗೊತ್ತಿದ್ದವರು ಓದುಗರನ್ನು ನಡುನೀರಿನಲ್ಲಿ ಕೈಬಿಡುವುದಿಲ್ಲ.

ಈ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಡೆದ ಪುಸ್ತಕ ಅಮೆರಿಕದ ಶೆಲ್ಬಿ ವ್ಯಾನ್ ಪೆಲ್ಟ್ ಅವರ ‘ರಿಮಾರ್ಕಬ್ಲಿ ಬ್ರೈಟ್ ಕ್ರೀಚರ್ಸ್’, 2022ರದ್ದು. ನಾನು ಓದಿದ್ದು ಇಂಗ್ಲಿಷ್‌ನಲ್ಲಿ. ಟೋವಾ ಎಂಬ ಎಪ್ಪತ್ತು ವರ್ಷದ ಹೆಂಗಸು ಸಮುದ್ರ ತೀರದ ಊರೊಂದರ ಮತ್ಸ್ಯಾಲಯದಲ್ಲಿ ರಾತ್ರಿ ಹೊತ್ತು ನೆಲ, ಗಾಜು ಒರೆಸುತ್ತಾಳೆ. ಗಂಡ ತೀರಿಕೊಂಡಿದ್ದಾನೆ. ಮಗ ಮೂವತ್ತು ವರ್ಷದ ಹಿಂದೆ, ಹದಿನೆಂಟರ ವಯಸ್ಸಿನಲ್ಲಿ, ಸಮುದ್ರದ ಪಾಲಾದನೆಂದು ಊರೆಲ್ಲ ನಂಬಿದೆ. ಅಲ್ಲಿನ ತೊಟ್ಟಿಯಲ್ಲಿ ಮಾರ್ಸೆಲಸ್ ಎಂಬ ದೊಡ್ಡ ಆಕ್ಟೋಪಸ್ ಇದೆ, ಕಥೆಯ ಕೆಲವು ಅಧ್ಯಾಯಗಳನ್ನು ಅದೇ ಹೇಳುತ್ತದೆ. ಅದಕ್ಕೆ ಮನುಷ್ಯರೆಂದರೆ ತಾತ್ಸಾರ. ರಾತ್ರಿ ತೊಟ್ಟಿಯಿಂದ ನುಸುಳಿ ಪಕ್ಕದ ತೊಟ್ಟಿಗಳಿಗೆ ಕನ್ನ ಹಾಕುತ್ತದೆ.

ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದಾಗ ಇದನ್ನು ನಮ್ಮ ಮುಲುಂಡಿನ ಮನೆಯಲ್ಲಿ ದಿನಕ್ಕೊಂದಿಷ್ಟು ಕನ್ನಡದಲ್ಲಿ ಹೇಳುತ್ತ ಹೋದೆ. ಅನುವಾದವೇನಲ್ಲ, ಇಂಗ್ಲಿಷ್ ಪುಟ ನೋಡುತ್ತ ಬಾಯಿಗೆ ಬಂದಂತೆ ಹೇಳುವುದು. ಬಗ್ಗಬಾರದು, ಒಲೆಯ ಹತ್ತಿರ ಹೋಗಬಾರದು ಎಂದು ವೈದ್ಯರು ಹೇಳಿದ್ದರು. ಅವಳು ಸುಮ್ಮನೆ ಕೂರುವ ಜಾತಿಯಲ್ಲ, ಮಂಚದ ಮೇಲೆ ಕಾಲು ಚಾಚಿ ಕಪ್ಪು ಕನ್ನಡಕ ಹಾಕಿಕೊಂಡೇ ಬರೀ ಬೆರಳಿನ ಅಂದಾಜಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎಸಳನ್ನು ಹೆಬ್ಬೆರಳಿನಿಂದ ಒತ್ತಿ, ಸಿಪ್ಪೆ ಎಲ್ಲಿ ಸಡಿಲವಾಯಿತು ಎಂದು ಉಗುರಿನಿಂದ ಹುಡುಕಿ, ಒಂದೇ ಎಳೆತಕ್ಕೆ ಬಿಡಿಸಿ, ಎಸಳು ಬಟ್ಟಲಿಗೆ, ಸಿಪ್ಪೆ ಸೆರಗಿಗೆ. ಟೋವಾ ಗಾಜು ಒರೆಸುವ ಭಾಗ ಬಂದಾಗ ಅವಳ ಕೈ ನಿಂತಿತು.

‘ಆ ಹೆಂಗಸಿಗೆ ಸಂಬಳ ಎಷ್ಟು ಕೊಡುತ್ತಾರೆ?’

‘ಅವಳಿಗೆ ದುಡ್ಡಿನ ಅಗತ್ಯವಿಲ್ಲಮ್ಮ. ಸುಮ್ಮನೆ ಕೂರಲಾಗದೆ ಮಾಡುತ್ತಾಳೆ.’

ಅಮ್ಮ ಮತ್ತೆ ಬೆಳ್ಳುಳ್ಳಿ ಕೈಗೆತ್ತಿಕೊಂಡಳು. ‘ಹಾಗೆ ಹೇಳು. ಮಗ ಹೋದ ಮನೆಯಲ್ಲಿ ಕೂರುವುದಾದರೂ ಹೇಗೆ?’

ಅಷ್ಟು ಹೊತ್ತಿಗೆ ಪುಸ್ತಕದಲ್ಲಿ ಮಗನ ವಿಷಯ ಪೂರ್ತಿ ಬಂದಿರಲೂ ಇಲ್ಲ. ಆಕ್ಟೋಪಸ್ ಕಥೆ ಹೇಳುವುದನ್ನು ಅವಳು ಒಂದು ಕ್ಷಣವೂ ಪ್ರಶ್ನಿಸಲಿಲ್ಲ ನೋಡಿ. ಪಂಚತಂತ್ರ ಕೇಳಿ ಬೆಳೆದವರಿಗೆ ಇದು ದೊಡ್ಡ ವಿಷಯವಲ್ಲ. ನನ್ನ ಪದವೀಧರ ಮಗನೇ ‘ಇದು ಹೇಗೆ ಸಾಧ್ಯ’ ಎಂದು ತಕರಾರು ತೆಗೆದದ್ದು. ನಿಮ್ಮ ಅತ್ತೆಗೆ ಇದನ್ನು ಹೀಗೆಯೇ ಬಾಯಲ್ಲಿ ಹೇಳಿ. ನಡುವೆ ಬರುವ ಕ್ಯಾಮರಾನ್ ಎಂಬ ಹುಡುಗನ ಅಧ್ಯಾಯಗಳು ಸ್ವಲ್ಪ ಎಳೆದಂತಿವೆ. ಅವನ್ನು ಚುಟುಕಾಗಿ ದಾಟಿಸಬಹುದು, ಬಿಡುವಂತಿಲ್ಲ.

ಅದು ಮುಗಿದ ರಾತ್ರಿ ಅಮ್ಮ ‘ಇದು ನಮ್ಮ ಗೋಪಾಲಯ್ಯನ ಕಥೆಯೇ ಅಲ್ಲವೇ’ ಎಂದಳು. ನನಗೆ ಹೊಳೆದೇ ಇರಲಿಲ್ಲ. ಶಿವರಾಮ ಕಾರಂತರ ‘ಬೆಟ್ಟದ ಜೀವ’, 1943ರದ್ದು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನನ್ನು ಮುದಿ ದಂಪತಿ ಮನೆಗೆ ಕರೆದು ದಿನಗಟ್ಟಲೆ ಉಳಿಸಿಕೊಳ್ಳುತ್ತಾರೆ. ಅವರ ಮಗ ಮನೆ ಬಿಟ್ಟು ಹೋಗಿದ್ದಾನೆ, ಹಿಂತಿರುಗಿಲ್ಲ. ಗೋಪಾಲಯ್ಯ ಕಾಡು ಕಡಿದು ಅಡಕೆ ತೋಟ ಎಬ್ಬಿಸುತ್ತಾನೆ, ಟೋವಾ ಗಾಜು ಒರೆಸುತ್ತಾಳೆ. ಎಂಬತ್ತು ವರ್ಷ, ಎರಡು ಖಂಡಗಳ ಅಂತರ, ಮನೆಯಲ್ಲಿ ಖಾಲಿಯಾದ ಜಾಗ ಮಾತ್ರ ಒಂದೇ. ನೀವು ಹೊಸದು ಕೇಳಿದ್ದೀರಿ, ಗೊತ್ತು. ಆದರೂ ಆ ಹೊಸದು ಮುಗಿದ ಮೇಲೆ ಈ ಹಳೆಯದನ್ನು ಓದಿ ಹೇಳಿದರೆ ಎರಡೂ ಪುಸ್ತಕಗಳು ಬೇರೆಯೇ ಆಗಿ ಕಾಣುತ್ತವೆ. ಅತ್ತೆಯವರು ಕರಾವಳಿಯವರೆಂದು ಬರೆದಿದ್ದೀರಿ. ಗೋಪಾಲಯ್ಯನ ಕೀಟಲೆ ಮಾತುಗಳಿಗೆ ಅವರು ನಗದಿದ್ದರೆ ಹೇಳಿ. ಅವರಿಗೆ ತಮ್ಮ ಕಡೆಯ ಹೆಂಗಸರ ಕಥೆಗಳೇ ಬೇಕೆಂದರೆ ವೈದೇಹಿಯವರ ಕಥೆಗಳು ಇದ್ದೇ ಇವೆ.

ಈಗ ನಿಮ್ಮ ಲೋಕಲ್ ರೈಲು. ಅಲ್ಲಿಗೆ ಕಾದಂಬರಿ ಬೇಡ. ಠಾಣೆಯಲ್ಲಿ ನುಗ್ಗುವ ಜನ ಅಧ್ಯಾಯದ ನಡುವೆಯೇ ಪುಸ್ತಕ ಮುಚ್ಚಿಸುತ್ತಾರೆ. ಸಣ್ಣ ಕಥೆ ಇಟ್ಟುಕೊಳ್ಳಿ: ಡೊಂಬಿವಲಿಯಿಂದ ಠಾಣೆಗೆ ಅರ್ಧ, ಘಾಟ್ಕೋಪರ್ ದಾಟುವಷ್ಟರಲ್ಲಿ ಒಂದು, ಉಳಿದ ದಾರಿ ಅದನ್ನು ಮೆಲುಕು ಹಾಕಲು. ಈ ಊರಿನ ರೈಲಿನಲ್ಲಿ ಓದಲು ಜಯಂತ ಕಾಯ್ಕಿಣಿಯವರಿಗಿಂತ ಹತ್ತಿರದವರನ್ನು ನಾನು ಕಂಡಿಲ್ಲ. ಅವರ ಮುಂಬೈ ಕಥೆಗಳ ಒಂದು ಆಯ್ಕೆ ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂದು ಬಂದು ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಪಡೆಯಿತು. ನೀವು ಕನ್ನಡದಲ್ಲೇ ಓದಿ. ‘ಅಮೃತಬಳ್ಳಿ ಕಷಾಯ’, ‘ತೂಫಾನ್ ಮೇಲ್’ ಸಂಕಲನಗಳಿಂದ ಶುರುಮಾಡಿ, ಆಮೇಲೆ ಈಚಿನ ‘ಅನಾರ್ಕಲಿಯ ಸೇಫ್ಟಿಪಿನ್’. ಮದುವೆಯ ಕರೆಯೋಲೆಯಲ್ಲಿ ತನ್ನ ಹೆಸರನ್ನು ಹೇಗೆ ಹಾಕಿಸಬೇಕೆಂದು ತಿಳಿಯದೆ ಒದ್ದಾಡುವ ಅನಾಥ ಹುಡುಗ, ಸಿನಿಮಾ ಮಂದಿರ ಗುಡಿಸುವಾಗ ಸೀಟಿನ ಕೆಳಗೆ ಥರ್ಮಾಸ್ ಸಿಗುವ ಕೆಲಸಗಾರ. ನೋಡಿ, ಮತ್ತೆ ಕೈಕೆಲಸ. ಆ ಥರ್ಮಾಸ್ ಕಥೆ ಓದುತ್ತ ನಾನು ಕುರ್ಲಾದಲ್ಲಿ ಇಳಿಯುವುದನ್ನು ಮರೆತು ದಾದರ್‌ವರೆಗೆ ಹೋಗಿದ್ದೇನೆ. ಒಂದೇ ಎಚ್ಚರಿಕೆ: ಎರಡು ಕಥೆಗಳನ್ನು ಬೆನ್ನಿಗೆ ಬೆನ್ನು ಓದಬೇಡಿ. ಮೊದಲನೆಯದರ ಜನ ಇನ್ನೂ ಬಾಗಿಲಲ್ಲಿ ನಿಂತಿರುತ್ತಾರೆ.

‘ನನ್ನ ಗಂಡ ಪುಸ್ತಕ ಮುಟ್ಟುವುದೇ ಇಲ್ಲ, ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ಕೆಲಸವೇ ಅವರಿಗೆ ಎಲ್ಲ’ ಎಂದೂ ಬರೆದಿದ್ದಿರಲ್ಲ. ಅವರಿಗೆ ಸ್ವೀಡನ್ನಿನ ಫ್ರೆಡ್ರಿಕ್ ಬ್ಯಾಕ್‌ಮನ್ ಅವರ ‘ಎ ಮ್ಯಾನ್ ಕಾಲ್ಡ್ ಊವೆ’ ತಂದುಕೊಡಿ. 2012ರ ಪುಸ್ತಕ, ತೀರ ಹೊಸದಲ್ಲ. ಊವೆಗೆ ಐವತ್ತೊಂಬತ್ತು ವರ್ಷ. ದಿನಾ ಬೆಳಿಗ್ಗೆ ಬಡಾವಣೆಯಲ್ಲಿ ಗಸ್ತು ತಿರುಗಿ ಯಾರು ಎಲ್ಲಿ ವಾಹನ ನಿಲ್ಲಿಸಿದ್ದಾರೆ, ಕಸವನ್ನು ಸರಿಯಾಗಿ ಬೇರ್ಪಡಿಸಿದ್ದಾರೆಯೇ ಎಂದು ನೋಡುತ್ತಾನೆ. ಇಂಥವರು ಇಲ್ಲದ ಸೊಸೈಟಿ ಮುಂಬೈಯಲ್ಲಿ ಒಂದಾದರೂ ಇದೆಯೇ? ನೆರೆಮನೆಗೆ ಇರಾನ್ ಮೂಲದ ಗರ್ಭಿಣಿಯೊಬ್ಬಳು ಸಂಸಾರ ಸಮೇತ ಬಂದ ಮೇಲೆ ಅವನ ಶಿಸ್ತಿನ ಕೋಟೆ ಒಂದೊಂದೇ ಕಲ್ಲು ಕಳಚುತ್ತದೆ. ನಕ್ಕು ನಕ್ಕು ಸಾಕಾಗುತ್ತದೆ. ಆದರೆ ಮೊದಲೇ ತಿಳಿದಿರಲಿ: ಹೆಂಡತಿಯನ್ನು ಕಳೆದುಕೊಂಡ ಊವೆ ಮತ್ತೆ ಮತ್ತೆ ಆತ್ಮಹತ್ಯೆಗೆ ಯತ್ನಿಸುತ್ತಾನೆ, ಅದರ ವಿವರಗಳಿವೆ. ಮನೆಯಲ್ಲಿ ಅಂಥ ನೋವು ಕಂಡವರಿದ್ದರೆ ಬೇಡ. ಮೇಲೆ ಇದನ್ನು ‘ಹಗುರವಾದ ಹಾಸ್ಯ’ ಎಂದು ಶಿಫಾರಸು ಮಾಡಿದವರು ಈ ಮಾತನ್ನು ಹೇಳಬೇಕಿತ್ತು.

ಜಪಾನಿನ ಕಾಫಿ ಅಂಗಡಿ, ಬೆಕ್ಕು, ಪುಸ್ತಕದಂಗಡಿಗಳ ಕಾದಂಬರಿಗಳು ಈಗ ವಿಮಾನ ನಿಲ್ದಾಣದ ಅಂಗಡಿಗಳಲ್ಲೂ ರಾಶಿ ಬಿದ್ದಿವೆ. ಬಹಳಷ್ಟು ಒಂದೇ ಹಿಟ್ಟಿನ ದೋಸೆ. ನನಗೆ ಹಿಡಿಸಿದ್ದು ಸಾತೋಷಿ ಯಾಗಿಸಾವಾ ಅವರ ‘ಡೇಸ್ ಅಟ್ ದ ಮೊರಿಸಾಕಿ ಬುಕ್‌ಶಾಪ್’ ಒಂದೇ. ಪ್ರೀತಿಯಲ್ಲಿ ಪೆಟ್ಟು ತಿಂದ ಹುಡುಗಿ ಟೋಕಿಯೊದ ಜಿಂಬೋಚೊದಲ್ಲಿರುವ ಮಾವನ ಹಳೆಯ ಪುಸ್ತಕದಂಗಡಿಯ ಮಹಡಿಗೆ ಬಂದು ಇರುತ್ತಾಳೆ. ಮಾಟುಂಗದ ಕಿಂಗ್ಸ್ ಸರ್ಕಲ್ ಪಾದಚಾರಿ ದಾರಿಯಲ್ಲಿ ಹಳೆಯ ಪುಸ್ತಕಗಳ ನಡುವೆ ಬೆಳೆದ ನನ್ನಂಥವರಿಗೆ ಅಷ್ಟೇ ಸಾಕು. ತೆಳ್ಳಗಿದೆ, ಎರಡು ದಿನದ ಪ್ರಯಾಣ.

ಓದಿ ಹೇಳುವ ಬಗ್ಗೆ ಸ್ವಲ್ಪ. ರಾತ್ರಿ ಊಟದ ನಂತರ ಬೇಡ, ನೋವಿನ ಮಾತ್ರೆಗೆ ಅವರಿಗೆ ನಿದ್ದೆ ಬರುತ್ತದೆ, ಮರುದಿನ ಎಲ್ಲಿಗೆ ನಿಲ್ಲಿಸಿದ್ದೆವೆಂದು ಜಗಳ. ವ್ಯಾಯಾಮ ಮಾಡಿಸುವವರು ಬಂದು ಹೋದ ಮೇಲಿನ ಹೊತ್ತು ಒಳ್ಳೆಯದು. ಆಗ ಮನಸ್ಸನ್ನು ಕಾಲಿನಿಂದ ಬೇರೆಡೆಗೆ ಒಯ್ಯಬೇಕಾಗಿರುತ್ತದೆ. ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಿ, ಕಥೆ ಎಷ್ಟೇ ರಂಗೇರಿರಲಿ. ಅವರೇ ಓದುವುದಾದರೆ ದಪ್ಪ ಪುಸ್ತಕ ಕೊಡಬೇಡಿ, ಮಲಗಿ ಹಿಡಿದರೆ ಮಣಿಕಟ್ಟು ಸೋಲುತ್ತದೆ. ಕೇಳುವಾಗ ಅವರ ಕೈಗೂ ಏನಾದರೂ ಕೊಡಿ: ಹೂವು ಕಟ್ಟುವುದು, ಅವರೆಕಾಳು ಬಿಡಿಸುವುದು. ಕೈ ಖಾಲಿಯಿದ್ದರೆ ಹತ್ತು ನಿಮಿಷಕ್ಕೆ ಮೊಬೈಲ್ ಹುಡುಕುತ್ತಾರೆ, ನಾನು ಕಂಡಿದ್ದೇನೆ.

ಇಂಗ್ಲಿಷ್ ಪುಸ್ತಕಗಳು ಎಲ್ಲಿಯೂ ಸಿಗುತ್ತವೆ. ಕನ್ನಡದವನ್ನು ಬೆಂಗಳೂರಿನಿಂದ ಅಂಚೆಯಲ್ಲಿ ತರಿಸಬೇಕು, ನಾಲ್ಕಾರು ದಿನ ಹಿಡಿಯುತ್ತದೆ, ಆದ್ದರಿಂದ ಇವತ್ತೇ ಬರೆದುಹಾಕಿ. ‘ಬೆಟ್ಟದ ಜೀವ’ಕ್ಕೆ ಕಾಯಬೇಕಿಲ್ಲ, ನನ್ನ ಪ್ರತಿ ಇದೆ. ಶನಿವಾರ ಸಂಜೆ ಮಾಟುಂಗದ ಮೈಸೂರು ಅಸೋಸಿಯೇಷನ್ ಕಡೆ ಬರುವವನಿದ್ದೇನೆ, ಗುಂಪಿನವರು ಯಾರಾದರೂ ಡೊಂಬಿವಲಿಗೆ ಹೋಗುವವರಿದ್ದರೆ ಅವರ ಕೈಗೆ ಕೊಡುತ್ತೇನೆ. ರಟ್ಟು ಹರಿದಿದೆ, ಅಕ್ಷರ ಚೆನ್ನಾಗಿದೆ. ನಡುವಿನ ಪುಟಗಳಲ್ಲಿ ಬೆಳ್ಳುಳ್ಳಿ ಸಿಪ್ಪೆ ಸಿಕ್ಕರೆ ಕೊಡವಿಬಿಡಬೇಡಿ, ಹಾಗೆಯೇ ಇರಲಿ.