ಒದ್ದೆ ಮಣ್ಣಲ್ಲೂ ಬಾಡುವ ಕಾಶಿ ಕಣಗಿಲೆ

ಮಳೆ ಹಿಡಿದ ಮೇಲೆ ಕುಳ್ಳ ತಳಿಯ ಕಾಶಿ ಕಣಗಿಲೆ ಬಾಡುತ್ತಿದೆ, ಬುಡ ಕಪ್ಪಾಗಿದೆ ಅಂದಿದ್ದೀರಿ. ನೀರು ಸಾಲದೆ ಬಾಡಿದ್ದಲ್ಲ, ಶಿಲೀಂಧ್ರದಂಥ ಫೈಟಾಪ್ತೊರಾ ತರುವ ಕೊಳೆರೋಗ ಇರಬೇಕು. ಇನ್ನಷ್ಟು ನೀರು ಹಾಕಿದರೆ ಬೇಗ ಸಾಯುತ್ತದೆ. ಬುಡದ ಸಿಪ್ಪೆ ಉಗುರಲ್ಲಿ ಕೆರೆದು ನೋಡಿ: ಒಳಗೆ ಹಸಿರಿನ ಬದಲು ಕಂದು ಕಂಡರೆ ಬೇರುಸಮೇತ ಕಿತ್ತುಬಿಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ, ಅದೇ ಜಾಗದಲ್ಲಿ ಮತ್ತೆ ಇದನ್ನೇ ನೆಡಬೇಡಿ.

ಹೊಸ ಗಿಡಕ್ಕೆ 15 ಸೆಂ.ಮೀ. ಏರುಮಡಿ ಮಾಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಹಳೇ ಕೊಟ್ಟಿಗೆ ಗೊಬ್ಬರ ಸಾಕು; ಗೊಬ್ಬರ ಜಾಸ್ತಿಯಾದರೆ ಎಲೆ ಸೊಂಪು, ಹೂ ಕಮ್ಮಿ. ಸಾಲಲ್ಲಿ 30 ಸೆಂ.ಮೀ. ಅಂತರವಿರಲಿ. ಮಣ್ಣು ಎರಡು ಇಂಚು ಒಣಗಿದ ಮೇಲಷ್ಟೇ ಬುಡಕ್ಕೆ ನೀರು, ಎಲೆಗಲ್ಲ. ಬೀಜ ಹಾಕುವುದಾದರೆ ಮೇಲೆ ತೆಳುವಾಗಿ ಮಣ್ಣು ಮುಚ್ಚಿ, ಕತ್ತಲಲ್ಲಿ ಚೆನ್ನಾಗಿ ಮೊಳೆಯುತ್ತದೆ.