ಒಂದೇ ಪಿಸಿಯಲ್ಲಿ ಆಡುತ್ತಾ ರೆಕಾರ್ಡ್ ಮಾಡಲು ಯಾವ ಕ್ಯಾಪ್ಚರ್ ಕಾರ್ಡ್ ಕೊಳ್ಳಬೇಕು?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ರೈಜನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಮತ್ತು 144 ಹರ್ಟ್ಸ್ ಮಾನಿಟರ್ ಇರುವ ಒಂದೇ ಡೆಸ್ಕ್‌ಟಾಪ್ ನಿಮ್ಮಲ್ಲಿದೆ, ಓಬಿಎಸ್ ಸ್ಟುಡಿಯೋ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ರೆಕಾರ್ಡಿಂಗ್ ಶುರು ಮಾಡಿದ ಕೂಡಲೇ ಆಟ ತಡವರಿಸುತ್ತದೆ, ಉಳಿಸಿದ ವಿಡಿಯೋ ಇನ್ನೂ ಹೆಚ್ಚು ತಡವರಿಸುತ್ತದೆ, ಹಾಗಾಗಿ ಐದು ಸಾವಿರ ರೂಪಾಯಿಯೊಳಗೆ ಯಾವ ಕ್ಯಾಪ್ಚರ್ ಕಾರ್ಡ್ (ಹೊರಗಿನಿಂದ ಬರುವ ವಿಡಿಯೋವನ್ನು ಕಂಪ್ಯೂಟರಿಗೆ ತಲುಪಿಸುವ ಸಾಧನ) ಹಾಕಿದರೆ ಪಿಸಿಯ ಹೊರೆ ಇಳಿಯುತ್ತದೆ ಎಂದು ಕೇಳಿದ್ದೀರಿ. ನನ್ನ ಉತ್ತರ ನಿಮಗೆ ನಿರಾಸೆ ತರಬಹುದು, ಆದರೂ ಹೇಳಲೇಬೇಕು: ಈಗಿರುವ ವ್ಯವಸ್ಥೆಗೆ ಯಾವ ಕಾರ್ಡನ್ನೂ ಕೊಳ್ಳಬೇಡಿ. ನಿಮಗೆ ಬೇಕಾದ ಯಂತ್ರಾಂಶ ನಿಮ್ಮ ಗ್ರಾಫಿಕ್ಸ್ ಕಾರ್ಡಿನೊಳಗೇ ಇದೆ.

ಕಾರ್ಡ್ ಹಾಕಿದರೆ ರೆಕಾರ್ಡಿಂಗಿನ ಭಾರವನ್ನೆಲ್ಲ ಅದೇ ಹೊರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ಎಲ್ಲಿಂದಲೋ ಹುಟ್ಟಿದ್ದಲ್ಲ. 2012ರಲ್ಲಿ ಬಂದ ಎಲ್ಗಾಟೊ ಗೇಮ್ ಕ್ಯಾಪ್ಚರ್ ಎಚ್‌ಡಿಯಂಥ ಪೆಟ್ಟಿಗೆಗಳೊಳಗೆ ಎಚ್.264 ಎನ್‌ಕೋಡರ್ ಚಿಪ್, ಅಂದರೆ ವಿಡಿಯೋವನ್ನು ಕುಗ್ಗಿಸುವ ಚಿಪ್, ಇರುತ್ತಿತ್ತು; ಅವು ಚಿತ್ರವನ್ನು ತಾವೇ ಕುಗ್ಗಿಸಿ ಯುಎಸ್‌ಬಿ 2.0 ಮೂಲಕ ಕಂಪ್ಯೂಟರಿಗೆ ಕಳಿಸುತ್ತಿದ್ದವು, ಅದರ ಬೆಲೆಯಾಗಿ ಚಿತ್ರ ತುಸು ತಡವಾಗಿ ಬರುತ್ತಿತ್ತು. ಆ ವಿಳಂಬ ಯಾರಿಗೂ ಹಿಡಿಸಲಿಲ್ಲ. ಹಾಗಾಗಿ ಯುಎಸ್‌ಬಿ 3.0 ಸಾಮಾನ್ಯವಾದ ಮೇಲೆ ಬಂದ ಕಾರ್ಡುಗಳಲ್ಲಿ ಹೆಚ್ಚಿನವು ಚಿತ್ರವನ್ನು ಕುಗ್ಗಿಸದೆ ಇದ್ದ ಹಾಗೆಯೇ ಕಂಪ್ಯೂಟರಿಗೆ ತಲುಪಿಸುತ್ತವೆ. ಕ್ಯಾನಿನಲ್ಲಿ ಹಾಲು ಹೊತ್ತು ತಂದುಕೊಟ್ಟವರು ಅದನ್ನು ಕಾಯಿಸಿ ಖೋವಾ ಮಾಡಿಕೊಡುವುದಿಲ್ಲ. ಆ ಕೆಲಸ ಮನೆಯ ಒಲೆಯ ಮೇಲೆಯೇ ಆಗಬೇಕು. ಆಡುವ ಪಿಸಿಗೇ ಕಾರ್ಡ್ ಸಿಕ್ಕಿಸಿದರೆ, ಚಿತ್ರ ಎಚ್‌ಡಿಎಂಐ ಮೂಲಕ ಹೊರಗೆ ಹೋಗಿ ಅದೇ ಪಿಸಿಯ ಒಳಕ್ಕೆ ಮರಳಿ ಬರುತ್ತದೆ, ಎನ್‌ಕೋಡ್ ಮಾಡುವ ಕೆಲಸವಂತೂ ಮೊದಲು ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಹೊರೆ ಇಳಿಯುವ ಬದಲು ಸ್ವಲ್ಪ ಏರುತ್ತದೆ.

ಮೊದಲು ತಿಳಿಯಬೇಕಾದದ್ದು ನಿಮ್ಮ ಪಿಸಿ ಎಲ್ಲಿ ಏದುಸಿರು ಬಿಡುತ್ತಿದೆ ಎಂಬುದು. ಓಬಿಎಸ್‌ನಲ್ಲಿ ಸ್ಟ್ಯಾಟ್ಸ್ ಎಂಬ ಕಿಟಕಿ ಇದೆ. ಅದನ್ನು ತೆರೆದಿಟ್ಟು ಹತ್ತು ನಿಮಿಷ ಆಡಿ, ರೆಕಾರ್ಡ್ ಮಾಡಿ. ಎನ್‌ಕೋಡಿಂಗ್ ಲ್ಯಾಗ್‌ನಿಂದ ಬಿಟ್ಟುಹೋದ ಫ್ರೇಮುಗಳ ಸಂಖ್ಯೆ ಏರುತ್ತಿದ್ದರೆ, ನಿಮ್ಮ ಔಟ್‌ಪುಟ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್264 ಎಂಬ ಎನ್‌ಕೋಡರ್ ಆಯ್ಕೆಯಾಗಿದೆ ಎಂದೇ ನನ್ನ ಊಹೆ. ಅದು ಪೂರ್ತಿಯಾಗಿ ಪ್ರೊಸೆಸರಿನ ಮೇಲೆ ನಡೆಯುವ ಎನ್‌ಕೋಡರ್. ಆಟಕ್ಕೂ ಅದಕ್ಕೂ ನಿಮ್ಮ ಆರು ಕೋರುಗಳನ್ನೇ ಹಂಚಬೇಕಾಗುತ್ತದೆ. ಅದರ ಜಾಗದಲ್ಲಿ ಎನ್‌ವಿಡಿಯಾ ಎನ್ವೆಂಕ್ ಆಯ್ದುಕೊಳ್ಳಿ. 2012ರ ಕೆಪ್ಲರ್ ಪೀಳಿಗೆಯಿಂದ ಎನ್‌ವಿಡಿಯಾ ತನ್ನ ಚಿಪ್ಪುಗಳಲ್ಲಿ ವಿಡಿಯೋ ಎನ್‌ಕೋಡ್ ಮಾಡುವುದಕ್ಕೆಂದೇ ಪ್ರತ್ಯೇಕ ಭಾಗವನ್ನು ಇಡುತ್ತಾ ಬಂದಿದೆ. ಆಟದ ಚಿತ್ರ ಬಿಡಿಸುವ ಭಾಗಕ್ಕೂ ಇದಕ್ಕೂ ಕೆಲಸ ಬೇರೆ ಬೇರೆ. 2018ರ ಟ್ಯೂರಿಂಗ್ ಪೀಳಿಗೆಯಲ್ಲಿ ಅದರ ಗುಣಮಟ್ಟ ಎದ್ದು ಕಾಣುವಷ್ಟು ಸುಧಾರಿಸಿತು, ನಿಮ್ಮ 1660 ಸೂಪರ್‌ನಲ್ಲಿರುವುದು ಆ ಪೀಳಿಗೆಯ ಎನ್‌ಕೋಡರೇ. (ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಮೊದಲು ಬಂದ ಜಿಟಿಎಕ್ಸ್ 1650ರಲ್ಲಿ ಅದಕ್ಕೂ ಹಿಂದಿನ ಎನ್‌ಕೋಡರ್ ಇದೆ.) ರೇಟ್ ಕಂಟ್ರೋಲ್ ಎಂಬಲ್ಲಿ ಸಿಕ್ಯೂಪಿ (ಕುಗ್ಗಿಸುವ ಮಟ್ಟವನ್ನು ಸ್ಥಿರವಾಗಿಡುವ ವಿಧಾನ) ಆಯ್ದು 20ರ ಆಸುಪಾಸಿನ ಸಂಖ್ಯೆ ಕೊಡಿ, ಸಂಖ್ಯೆ ಇಳಿದಷ್ಟೂ ಚಿತ್ರ ಸ್ವಚ್ಛ, ಕಡತ ದೊಡ್ಡದು. ಸರಾಸರಿ 40 ಮೆಗಾಬಿಟ್‌ನಲ್ಲಿ ಒಂದು ಗಂಟೆಗೆ 18 ಜಿಬಿ ಬೇಕಾಗುತ್ತದೆ ಎಂಬುದು ನೆನಪಿನಲ್ಲಿರಲಿ.

ಸ್ಟ್ಯಾಟ್ಸ್‌ನಲ್ಲಿ ಏರುತ್ತಿರುವುದು ರೆಂಡರಿಂಗ್ ಲ್ಯಾಗ್ ಎಂಬ ಸಾಲಾದರೆ ಕತೆ ಬೇರೆ. ಓಬಿಎಸ್ ಪ್ರತಿಯೊಂದು ಫ್ರೇಮನ್ನೂ ಜೋಡಿಸುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆಯೇ. ಆಟ ಕಾರ್ಡಿನ ಶಕ್ತಿಯನ್ನೆಲ್ಲ ಹೀರಿಕೊಂಡರೆ ಆ ಜೋಡಣೆಗೆ ಸರದಿ ಸಿಗುವುದಿಲ್ಲ, ಆಗ ಎನ್‌ಕೋಡರ್ ಬಿಡುವಾಗಿದ್ದರೂ ವಿಡಿಯೋ ತಡವರಿಸುತ್ತದೆ. ಇದಕ್ಕೆ ಮದ್ದು ಆಟದ ಫ್ರೇಮ್ ದರಕ್ಕೆ ಮಿತಿ ಹಾಕುವುದು. ಮಿತಿಯನ್ನು 144ಕ್ಕೆ ಇಡದೆ 120ಕ್ಕೆ ಇಡಿ. ನೀವು ರೆಕಾರ್ಡ್ ಮಾಡುವುದು ಸೆಕೆಂಡಿಗೆ 60 ಫ್ರೇಮ್ ಆದ್ದರಿಂದ 120ರಲ್ಲಿ ಒಂದು ಬಿಟ್ಟು ಒಂದು ಫ್ರೇಮ್ ಸರಿಯಾಗಿ ಸಿಗುತ್ತದೆ, 144ರಲ್ಲಾದರೆ ಭಾಗಾಕಾರ ಹೊಂದದೆ ಚಲನೆ ಅಲ್ಲಲ್ಲಿ ಎಡವಿದಂತೆ ಕಾಣುತ್ತದೆ. 120 ದಾಟುವುದೇ ಕಷ್ಟವಾಗುವ ಆಟಗಳಿಗೆ 60ರ ಮಿತಿಯೇ ಸರಿ. ವಿಂಡೋಸ್‌ನಲ್ಲಿ ಓಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಗ್ರಾಫಿಕ್ಸ್ ಕಾರ್ಡಿನ ಸರದಿಯಲ್ಲಿ ಅದಕ್ಕೆ ಆದ್ಯತೆ ಸಿಗುತ್ತದೆ, ಅದನ್ನೂ ಮಾಡಿ. ಜೊತೆಗೆ ಇಡೀ ಪರದೆಯನ್ನು ಹಿಡಿಯುವ ಡಿಸ್‌ಪ್ಲೇ ಕ್ಯಾಪ್ಚರ್ ಬದಲು ಆಟವನ್ನಷ್ಟೇ ಹಿಡಿಯುವ ಗೇಮ್ ಕ್ಯಾಪ್ಚರ್ ಬಳಸಿ, ಕಡತವನ್ನು ಎಂಕೆವಿ ರೂಪದಲ್ಲಿ ಉಳಿಸಿ. ನಮ್ಮ ಊರುಗಳಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಮಧ್ಯದಲ್ಲಿ ಪಿಸಿ ಆರಿದರೆ ಸಾಮಾನ್ಯ ಎಂಪಿ4 ಕಡತ ತೆರೆಯದೇ ಹೋಗಬಹುದು, ಎಂಕೆವಿಯಲ್ಲಾದರೆ ಅಲ್ಲಿಯವರೆಗಿನ ಭಾಗ ಉಳಿಯುತ್ತದೆ, ಆಮೇಲೆ ಓಬಿಎಸ್‌ನಲ್ಲೇ ಅದನ್ನು ಎಂಪಿ4 ಮಾಡಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದ ಮೇಲೂ ತೃಪ್ತಿಯಾಗದಿದ್ದರೆ, ಅಥವಾ ಆಡುವ ಪಿಸಿಯ ಮೇಲೆ ರೆಕಾರ್ಡಿಂಗಿನ ಛಾಯೆಯೂ ಬೀಳಬಾರದು ಎಂಬ ಹಟ ನಿಮ್ಮದಾದರೆ, ಆಗ ಕಾರ್ಡಿಗೆ ಅರ್ಥ ಬರುತ್ತದೆ; ಆದರೆ ಅದು ಇರಬೇಕಾದದ್ದು ಎರಡನೆಯ ಕಂಪ್ಯೂಟರಿನಲ್ಲಿ. ಆ ಎರಡನೆಯದು ದುಬಾರಿಯಾಗಬೇಕಾಗಿಲ್ಲ. ಇಂಟೆಲ್ ತನ್ನ ಪ್ರೊಸೆಸರುಗಳ ಗ್ರಾಫಿಕ್ಸ್ ಭಾಗದೊಳಗೆ ಕ್ವಿಕ್ ಸಿಂಕ್ ಎಂಬ ಎನ್‌ಕೋಡರನ್ನು 2011ರಿಂದ ಇಡುತ್ತಿದೆ. ಕಚೇರಿಗಳಿಂದ ಹೊರಬಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಮಾರಾಟಕ್ಕೆ ಬರುವ ಹಳೆಯ ಡೆಸ್ಕ್‌ಟಾಪುಗಳಲ್ಲಿ ಆರನೆಯ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಕೋರ್ ಐ5 ಇರುವ ಒಂದು, 1080ಪಿ ರೆಕಾರ್ಡಿಂಗಿಗೆ ಸಾಕು ಎಂಬುದು ನನ್ನ ಅಭಿಪ್ರಾಯ.

ಆಗ ಕಾರ್ಡ್ ಆರಿಸುವುದು ಹೇಗೆ? ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ 4ಕೆ ಎಂಬುದನ್ನು ಬಿಟ್ಟು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಓದಿ: ಕಾರ್ಡ್ ಮಾನಿಟರಿಗೆ ದಾಟಿಸುವ ಪಾಸ್‌ಥ್ರೂ ಎಷ್ಟು, ನಿಜವಾಗಿ ಹಿಡಿದುಕೊಳ್ಳುವ ಕ್ಯಾಪ್ಚರ್ ಎಷ್ಟು. ಒಳ್ಳೆಯ ಹೆಸರಿನ ಕಾರ್ಡುಗಳಲ್ಲೂ ಇವೆರಡು ಒಂದೇ ಆಗಿರುವುದಿಲ್ಲ; ಎಲ್ಗಾಟೊ ಎಚ್‌ಡಿ60 ಎಕ್ಸ್ 4ಕೆ 60ನ್ನು (ಸೆಕೆಂಡಿಗೆ 60 ಫ್ರೇಮಿನ 4ಕೆ ಚಿತ್ರವನ್ನು) ಮಾನಿಟರಿಗೆ ದಾಟಿಸುತ್ತದೆ, ಹಿಡಿಯುವುದು 1080ಪಿ 60 ಅಥವಾ 4ಕೆ 30. ಈ ಮಿತಿಯ ಮೂಲ ತಂತಿಯಲ್ಲಿದೆ. 1920×1080ರ ಒಂದು ಫ್ರೇಮಿನಲ್ಲಿ 20,73,600 ಪಿಕ್ಸೆಲ್‌ಗಳಿವೆ. ವೈಯುವೈ2 ಎಂಬ ಬಣ್ಣದ ವಿನ್ಯಾಸದಲ್ಲಿ ಪಿಕ್ಸೆಲಿಗೆ 2 ಬೈಟ್, ಸೆಕೆಂಡಿಗೆ 60 ಫ್ರೇಮ್ ಎಂದರೆ ಸುಮಾರು 249 ಮೆಗಾಬೈಟ್, ಅಂದರೆ ಹೆಚ್ಚುಕಡಿಮೆ 2 ಗಿಗಾಬಿಟ್. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ. ಆದ್ದರಿಂದ ಯುಎಸ್‌ಬಿ 2.0 ಕಾರ್ಡ್ ಚಿತ್ರವನ್ನು ಎಂಜೆಪೆಗ್ (ಒಂದೊಂದು ಫ್ರೇಮನ್ನೂ ಬಿಡಿಬಿಡಿಯಾಗಿ ಕುಗ್ಗಿಸುವ ರೂಪ) ಆಗಿ ಜಜ್ಜಿಯೇ ಕಳಿಸಬೇಕು, ಕತ್ತಲ ದೃಶ್ಯಗಳಲ್ಲಿ, ಹುಲ್ಲು ಮತ್ತು ಎಲೆಗಳಲ್ಲಿ ಅದರ ಕಲೆಗಳು ಕಾಣುತ್ತವೆ. 5 ಗಿಗಾಬಿಟ್‌ನ ಯುಎಸ್‌ಬಿ 3.0ರಲ್ಲಿ 1080ಪಿ 60 ಸಲೀಸಾಗಿ ಹಾಯುತ್ತದೆ. 4ಕೆ 60ಕ್ಕೆ ಮಾತ್ರ, ಇನ್ನೂ ಕಡಿಮೆ ಜಾಗ ಹಿಡಿಯುವ ಎನ್‌ವಿ12 ವಿನ್ಯಾಸದಲ್ಲೂ ಸುಮಾರು 6 ಗಿಗಾಬಿಟ್ ಬೇಕು. ಅದಕ್ಕೆ 10 ಗಿಗಾಬಿಟ್‌ನ ಯುಎಸ್‌ಬಿ ಇರಬೇಕು, ಇಲ್ಲವೇ ಮದರ್‌ಬೋರ್ಡಿನ ಪಿಸಿಐಇ ಎಕ್ಸ್4 ಸ್ಲಾಟಿಗೆ ಹಾಕುವ ಎವರ್‌ಮೀಡಿಯಾ ಲೈವ್ ಗೇಮರ್ 4ಕೆಯಂಥ ಕಾರ್ಡ್ ಇರಬೇಕು.

ನಿಮ್ಮ ಐದು ಸಾವಿರದ ಮಿತಿಯಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ಎದುರಾಗುವುದು ಬಹುಮಟ್ಟಿಗೆ ಹೆಬ್ಬೆರಳಿನಷ್ಟು ಗಾತ್ರದ ಎಚ್‌ಡಿಎಂಐ ಡಾಂಗಲ್‌ಗಳು. ಅವುಗಳಲ್ಲಿ ಅತಿ ಅಗ್ಗದವುಗಳೊಳಗೆ ಇರುವುದು ಸಾಮಾನ್ಯವಾಗಿ ಎಂಎಸ್2109 ಎಂಬ ಚಿಪ್. ಅದು 4ಕೆ ಸಂಕೇತವನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು ನಿಜ, ಹೊರಗೆ ಕೊಡುವುದು ಮಾತ್ರ ಯುಎಸ್‌ಬಿ 2.0 ಮೂಲಕ 1080ಪಿ 30. ಅದರ ಅನೇಕ ಪ್ರತಿಗಳಲ್ಲಿ 48 ಕಿಲೋಹರ್ಟ್ಸ್‌ನ ಸ್ಟೀರಿಯೋ ಧ್ವನಿಯನ್ನು ಕಂಪ್ಯೂಟರ್ 96 ಕಿಲೋಹರ್ಟ್ಸ್‌ನ ಮೋನೋ ಎಂದು ತಪ್ಪಾಗಿ ಗುರುತಿಸುವ ತೊಡಕೂ ಇದೆ. ಪ್ಲಗ್ಗಿನ ಒಳಗೆ ನೀಲಿ ಬಣ್ಣ ಇದ್ದ ಮಾತ್ರಕ್ಕೆ ಯುಎಸ್‌ಬಿ 3.0 ಎಂದು ನಂಬಬೇಡಿ. ಅದೇ ತಯಾರಕರ ಎಂಎಸ್2130 ಚಿಪ್ ಇರುವ ಡಾಂಗಲ್ ನಿಜವಾದ ಯುಎಸ್‌ಬಿ 3.0 ಆಗಿದ್ದು 1080ಪಿ 60 ಕೊಡುತ್ತದೆ. ವಿವರಗಳಲ್ಲಿ ಚಿಪ್ಪಿನ ಹೆಸರು ಸ್ಪಷ್ಟವಾಗಿ ಇದ್ದರೆ ಈ ಬೆಲೆಗೆ ಅದನ್ನೇ ನಾನು ಸೂಚಿಸುತ್ತೇನೆ.

ನಿಮ್ಮ 144 ಹರ್ಟ್ಸ್ ಮಾನಿಟರ್ ಬಗ್ಗೆಯೂ ಒಂದು ಮಾತು ಅಗತ್ಯ. ಕ್ಯಾಪ್ಚರ್ ಕಾರ್ಡುಗಳು ಬಹುತೇಕ ಎಚ್‌ಡಿಎಂಐ ಮಾತ್ರ ಒಪ್ಪುತ್ತವೆ, ಅಗ್ಗದವುಗಳ ಪಾಸ್‌ಥ್ರೂ 60 ಹರ್ಟ್ಸ್‌ಗೇ ನಿಲ್ಲುತ್ತದೆ. ಮಾನಿಟರನ್ನು ಕಾರ್ಡಿನ ಮೂಲಕ ಹಾಯಿಸಿದರೆ ನೀವು ಹಣ ಕೊಟ್ಟು ಪಡೆದ ವೇಗ ಕೈತಪ್ಪುತ್ತದೆ. ಅದಕ್ಕೆ ಮಾನಿಟರನ್ನು ಡಿಸ್‌ಪ್ಲೇ ಪೋರ್ಟಿನಲ್ಲಿ ನೇರವಾಗಿ ಇಟ್ಟುಕೊಂಡು, ಗ್ರಾಫಿಕ್ಸ್ ಕಾರ್ಡಿನ ಎಚ್‌ಡಿಎಂಐಯನ್ನು ಕ್ಯಾಪ್ಚರ್ ಕಾರ್ಡಿಗೆ ಕೊಡಿ. ವಿಂಡೋಸ್‌ನಲ್ಲಿ ಎರಡನ್ನೂ ಡೂಪ್ಲಿಕೇಟ್ ಮಾಡಿದರೆ ಕೆಲವೊಮ್ಮೆ ಮಾನಿಟರೂ 60ಕ್ಕೆ ಇಳಿಯುತ್ತದೆ; ಹಾಗಾದರೆ ಎಕ್ಸ್‌ಟೆಂಡ್ ಇಟ್ಟು, ಆಡುವ ಪಿಸಿಯ ಓಬಿಎಸ್‌ನಿಂದ ಫುಲ್‌ಸ್ಕ್ರೀನ್ ಪ್ರೊಜೆಕ್ಟರನ್ನು (ಚಿತ್ರವನ್ನು ಪರದೆ ತುಂಬ ತೋರಿಸುವ ಸೌಲಭ್ಯವನ್ನು) ಎರಡನೆಯ ಪರದೆಯಾಗಿ ಕಾಣುವ ಕ್ಯಾಪ್ಚರ್ ಕಾರ್ಡಿಗೆ ಕಳಿಸಿ. ಆಟದ ಧ್ವನಿಯೂ ಎಚ್‌ಡಿಎಂಐಗೆ ಹೋಗುವಂತೆ ಮಾಡುವುದನ್ನು ಮರೆಯಬೇಡಿ, ಮೈಕನ್ನು ರೆಕಾರ್ಡ್ ಮಾಡುವ ಕಂಪ್ಯೂಟರಿಗೇ ಸಿಕ್ಕಿಸಿ. ಕಾರ್ಡಿನ ಚಿತ್ರ ನಿಮ್ಮ ಮಾತಿಗಿಂತ ತುಸು ಹಿಂದೆ ಬಿದ್ದರೆ ಓಬಿಎಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಮೈಕಿಗೆ ವಿಳಂಬ ಕೊಡಬಹುದು.

ಕಾರ್ಡ್ ತರಿಸಿದರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಅದನ್ನು ಪರೀಕ್ಷಿಸಿ. ಓಬಿಎಸ್‌ನಲ್ಲಿ ವಿಡಿಯೋ ಕ್ಯಾಪ್ಚರ್ ಡಿವೈಸ್ ಸೇರಿಸಿ, ರೆಸಲ್ಯೂಷನ್ 1920×1080, ದರ 60, ವಿನ್ಯಾಸ ವೈಯುವೈ2 ಅಥವಾ ಎನ್‌ವಿ12 ಎಂದು ನೀವೇ ಆಯ್ದು ನೋಡಿ. ಆ ದರದಲ್ಲಿ ಎಂಜೆಪೆಗ್ ಒಂದೇ ಸಿಗುತ್ತಿದ್ದರೆ, ಮೊದಲು ಕಾರ್ಡನ್ನು ಕಂಪ್ಯೂಟರಿನ ಮುಂಭಾಗದ ಪೋರ್ಟಿನಿಂದ ತೆಗೆದು ಹಿಂಭಾಗದಲ್ಲಿ ಮದರ್‌ಬೋರ್ಡಿಗೇ ಸೇರಿದ ಯುಎಸ್‌ಬಿ 3.0 ಪೋರ್ಟಿಗೆ ಹಾಕಿ. ಆಗಲೂ ಪಟ್ಟಿ ಬದಲಾಗದಿದ್ದರೆ ನಿಮಗೆ ಬಂದಿರುವುದು ಯುಎಸ್‌ಬಿ 2.0 ಸರಕು, ಅದನ್ನು ಅಂದೇ ಹಿಂದಿರುಗಿಸಿ.