ಹುಲಿಗಿಂತ ನೀರುನಾಯಿ ವಾಸಿ

ಮಡಿಕೇರಿಯ ಶಾಲೆಯ ವಸ್ತುಪ್ರದರ್ಶನಕ್ಕೆ ಮಗಳು ಮೃಗಾಲಯದ ಮಾದರಿ ಮಾಡಬೇಕು, ಯಾವ ಪ್ರಾಣಿ, ಆವರಣ ಹೇಗೆ ಅಂತ ಕೇಳಿದ್ದೀರಿ. ಹುಲಿ, ಆನೆ ಎಲ್ಲರೂ ಮಾಡ್ತಾರೆ. ನಾನಾದರೆ ಸಣ್ಣ ಉಗುರಿನ ನೀರುನಾಯಿ ಅಂತೀನಿ. ಕೊಡಗಿನ ಕಾಡುತೊರೆಗಳಲ್ಲಿ, ಕಾಫಿ ತೋಟದ ತೋಡುಗಳಲ್ಲೂ ಇರುವ ಪ್ರಾಣಿ. ನೀರುನಾಯಿಗಳಲ್ಲೇ ಅತಿ ಚಿಕ್ಕದು, ತೂಕ ಸಾಮಾನ್ಯವಾಗಿ 5 ಕೆ.ಜಿ. ಒಳಗೆ. ಕಲ್ಲಿನ ಸಂದಿಗೆ ಕೈ ಹಾಕಿ ತಡಕಾಡಿ ಏಡಿ ಹಿಡಿಯುತ್ತೆ, ಥೇಟ್ ನಮ್ಮೂರ ಹುಡುಗರ ಹಾಗೆ.

ನೀರುನಾಯಿ ಅಂದ ಕೂಡಲೇ ದೊಡ್ಡ ಕೊಳ ಮಾಡಿ ಸುತ್ತ ಗೇಣುದ್ದ ನೆಲ ಬಿಡಬೇಡಿ. ನೆಲವೇ ಹೆಚ್ಚಿರಲಿ: ಅಗೆಯಲು ಸಡಿಲ ಮಣ್ಣು, ಮೈ ಉಜ್ಜಿಕೊಳ್ಳಲು ಒಣ ಹುಲ್ಲು, ನೀರು ಸೋರದ ಗೂಡು. ಜೂನ್, ಜುಲೈ ಮಳೆ ಗೊತ್ತಲ್ಲ, ತುಪ್ಪಳ ಒಣಗಲು ಜಾಗ ಬೇಕೇ ಬೇಕು. ನೀರು ಹರಿಯುತ್ತಿರಲಿ, ಬಹುಪಾಲು ಮೊಣಕಾಲುದ್ದ ಸಾಕು, ತಳಕ್ಕೆ ಉರುಟು ಕಲ್ಲು. ಬೇಲಿಯ ಬುಡ ನೆಲದೊಳಗೆ ಇಳಿಯಲಿ, ಇಲ್ಲದಿದ್ದರೆ ತೋಡಿಕೊಂಡು ಹೊರಟುಬಿಡುತ್ತವೆ. ಕುಟುಂಬವಾಗಿ ಬಾಳುವ ಪ್ರಾಣಿ, ಒಂಟಿ ಬೇಡ. ಮೃಗಾಲಯಗಳಲ್ಲಿ ಇವಕ್ಕೆ ಮೂತ್ರಪಿಂಡದ ಕಲ್ಲು ಹೆಚ್ಚು ಕಾಡುತ್ತದೆ. ವೈದ್ಯರ ಕೋಣೆಯನ್ನೂ ಮಾದರಿಯಲ್ಲಿ ತೋರಿಸಲಿ, ತೀರ್ಪುಗಾರರು ಕೇಳಿಯೇ ಕೇಳ್ತಾರೆ. ನೋಡುವ ಗಾಜು ಒಂದೇ ಕಡೆ ಇರಲಿ.